ಕದ್ದು ತಂದ ಕಡಲಿನ ನಕ್ಷೆ

ಹಳೆಯ ನೌಕಾನಕ್ಷೆಗಳು ಇಂದು ಅತಿ ವಿರಳವಾಗಿರುವುದಕ್ಕೆ ಅವುಗಳ ಬಳಕೆಯೇ ಕಾರಣ: ಉಪ್ಪುನೀರು ತಾಗಿ, ಮತ್ತೆ ಮತ್ತೆ ಸುತ್ತಿ ಬಿಚ್ಚಿ ಅವು ಸವೆದವು, ಹಡಗು ಮುಳುಗಿದಾಗ ಜೊತೆಗೇ ಮುಳುಗಿದವು, ಹೊಸ ತೀರಗಳ ವಿವರ ದೊರೆತೊಡನೆ ಮೂಲೆಗೂ ಬಿದ್ದವು. ಯುರೋಪಿನಲ್ಲಿ ಉಳಿದಿರುವವುಗಳ ಪೈಕಿ ಅತ್ಯಂತ ಹಳೆಯದೆಂದು ಸಾಮಾನ್ಯವಾಗಿ ಒಪ್ಪಿರುವ ‘ಕಾರ್ತಾ ಪಿಸಾನಾ’ 13ನೆಯ ಶತಮಾನದ ಕೊನೆಯ ಭಾಗದ್ದಾಗಿದ್ದು, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ‘ಪೋರ್ಟೊಲಾನ್’ ಎನ್ನಲಾಗುವ ಈ ಬಗೆಯ ನಕ್ಷೆಗಳನ್ನು ಹದಮಾಡಿದ ಪ್ರಾಣಿಚರ್ಮದ ಮೇಲೆ ಬರೆಯುತ್ತಿದ್ದರು; ಬಂದರುಗಳ ಹೆಸರುಗಳನ್ನು ತೀರರೇಖೆಗೆ ಅಡ್ಡಲಾಗಿ ನೆಲದ ಕಡೆಗೆ ಬರೆದು, ಕಡಲಿನ ಮೇಲೆ ಗಾಳಿಯ ದಿಕ್ಕುಗಳನ್ನು ಸೂಚಿಸುವ ಗೆರೆಗಳ ಜಾಲವನ್ನು ಹರಡುತ್ತಿದ್ದರು. ನಾವಿಕನು ಎರಡು ಬಂದರುಗಳ ನಡುವಣ ದಾರಿಗೆ ಸಮಾನಾಂತರವಾದ ಗೆರೆಯನ್ನು ಹುಡುಕಿ, ಅದು ತೋರಿದ ದಿಕ್ಕನ್ನು ದಿಕ್ಸೂಚಿಯ ನೆರವಿನಿಂದ ಕಾಯ್ದುಕೊಂಡು ಸಾಗುತ್ತಿದ್ದನು.

ಮೆಡಿಟರೇನಿಯನ್ ಸಮುದ್ರಕ್ಕೆ ಸಾಕಾಗಿದ್ದ ಈ ವಿಧಾನವು ತೆರೆದ ಅಟ್ಲಾಂಟಿಕ್‌ಗೆ ಇಳಿದ ಪೋರ್ಚುಗೀಸರಿಗೆ ಸಾಲದಾದುದರಿಂದ, ಅವರು ಸೂರ್ಯ ಮತ್ತು ಧ್ರುವನಕ್ಷತ್ರಗಳ ಎತ್ತರವನ್ನು ಅಳೆದು ಅಕ್ಷಾಂಶವನ್ನು ಲೆಕ್ಕಹಾಕತೊಡಗಿದರು. ಹೀಗೆ ದೊರೆತ ತಿಳಿವಳಿಕೆಯನ್ನು ಅರಸರು ಬೊಕ್ಕಸದಷ್ಟೇ ಎಚ್ಚರದಿಂದ ಕಾಯುತ್ತಿದ್ದ ಕಾಲದಲ್ಲಿ, ಅಂದರೆ 1502ರಲ್ಲಿ, ಇಟಲಿಯ ಫೆರಾರಾದ ಡ್ಯೂಕನ ಪ್ರತಿನಿಧಿ ಅಲ್ಬೆರ್ಟೊ ಕಾಂತಿನೊ ಎಂಬವನು 12 ಚಿನ್ನದ ಡುಕಾಟ್‌ಗಳನ್ನು ತೆತ್ತು ಲಿಸ್ಬನ್ನಿನಲ್ಲಿ ಒಂದು ನಕ್ಷೆಯನ್ನು ಪಡೆದು ಗುಟ್ಟಾಗಿ ಇಟಲಿಗೆ ಸಾಗಿಸಿದನು. ಬರೆದವನ ಹೆಸರು ಅಳಿದು, ಸಾಗಿಸಿದವನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿರುವುದು ನಿಜಕ್ಕೂ ಖೇದಕರ.

ಎರಡು ಮೀಟರಿಗೂ ಹೆಚ್ಚು ಅಗಲವಾದ ಈ ನಕ್ಷೆಯು ದಾರಿ ತೋರುವುದಕ್ಕಿಂತ ಮಿಗಿಲಾಗಿ ಒಡೆತನದ ಘೋಷಣೆಯೆಂಬುದು ಅದರ ಮೇಲಿನ ದಪ್ಪ ಗೆರೆಯೊಂದರಿಂದ ತಿಳಿಯುತ್ತದೆ. 1494ರ ಟೋರ್ಡೆಸಿಲಾಸ್ ಒಪ್ಪಂದದಂತೆ ಸ್ಪೇನ್ ಮತ್ತು ಪೋರ್ಚುಗಲ್ ತಮಗೆ ಸೇರದ ಜಗತ್ತನ್ನು ಹಂಚಿಕೊಂಡ ಗಡಿ ಅದು. ಗಿಳಿಗಳ ಚಿತ್ರಗಳಿಂದ ಕಂಗೊಳಿಸುವ ಬ್ರೆಜಿಲ್ ತೀರವು ಪೋರ್ಚುಗಲ್ಲಿನ ಪಾಲಿನಲ್ಲಿದೆ. ಪ್ರಾಚೀನ ವಿದ್ವಾಂಸ ಟಾಲೆಮಿಯ ಪರಂಪರೆಯ ನಕ್ಷೆಗಳಲ್ಲಿ ಭಾರತದ ದಕ್ಷಿಣ ತೀರವು ಹೆಚ್ಚುಕಡಿಮೆ ಚಪ್ಪಟೆಯಾಗಿದ್ದರೆ, ಇಲ್ಲಿ ಅದು ದಕ್ಷಿಣಕ್ಕೆ ಚಾಚಿದ ಪರ್ಯಾಯದ್ವೀಪವಾಗಿದೆ. ಈ ತಿದ್ದುಪಡಿಯ ಹಿಂದೆ 1498ರಲ್ಲಿ ಕಲ್ಲಿಕೋಟೆಗೆ ಬಂದು, ಮರಳುವ ಮುನ್ನ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಂಡ ವಾಸ್ಕೋ ಡ ಗಾಮನ ಯಾನವೂ ಅದರ ನಂತರದ ಯಾನಗಳೂ ಇವೆ. 1859ರ ಗಲಭೆಯಲ್ಲಿ ಮೊಡೆನಾದ ಅರಮನೆಯಿಂದ ಕಣ್ಮರೆಯಾದ ಈ ನಕ್ಷೆ, ಆಮೇಲೆ ಅದೇ ಊರಿನ ಮಾಂಸದಂಗಡಿಯೊಂದರಲ್ಲಿ ಪತ್ತೆಯಾಗಿ, ಈಗ ಅಲ್ಲಿನ ಎಸ್ತೆನ್ಸೆ ಗ್ರಂಥಾಲಯವನ್ನು ಸೇರಿದೆ.

ಮುದ್ರಣವು ಈ ಗುಟ್ಟನ್ನು ಮೆಲ್ಲಗೆ ಸಡಿಲಿಸಿತು. ಡಚ್ ನಾವಿಕ ಲೂಕಾಸ್ ವಾಹೆನಾರ್ 1584ರಲ್ಲಿ ಪಶ್ಚಿಮ ಯುರೋಪಿನ ತೀರಗಳ ಆಳವನ್ನೂ ಹಡಗಿನಿಂದ ಕಾಣುವ ದಡದ ನೋಟವನ್ನೂ ಅಚ್ಚಿನಲ್ಲಿ ಒದಗಿಸಿದನು. ಆದರೂ ಡಚ್ ಈಸ್ಟ್ ಇಂಡಿಯಾ ಕಂಪನಿ ಏಷ್ಯಾದ ಮಾರ್ಗಗಳ ನಕ್ಷೆಗಳನ್ನು ಕೈಬರಹದಲ್ಲೇ ಉಳಿಸಿಕೊಂಡು, ಯಾನ ಮುಗಿದೊಡನೆ ನಾವಿಕರಿಂದ ಮರಳಿ ಪಡೆಯುತ್ತಿತ್ತು. ಅವು ಆಮ್‌ಸ್ಟರ್‌ಡ್ಯಾಮಿನ ವಾನ್ ಕ್ಯೂಲೆನ್ ಮನೆತನದ ಸಂಪುಟದಲ್ಲಿ ಅಚ್ಚಾಗಿ ಹೊರಬಂದದ್ದು 1753ರಲ್ಲಿ.