ಫ್ಲೆಕ್ಸ್‌ಗೆ ಬಂದ ಕೋಟಿ ಊರಿಗೆ ಬಂತಾ?

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರ್ತಾ ಇದ್ದೆ. ಹಿರಿಯೂರು ಕಡೆಯ ಒಬ್ಬ ವೀಕ್ಷಕರ ಫೋನ್. ವಯಸ್ಸಾದ ರೈತರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಸಾರ್, ಒಂದು ಕೇಳ್ಬೇಕಿತ್ತು. ಭದ್ರಾ ಮೇಲ್ದಂಡೆಗೆ 5,300 ಕೋಟಿ ಬಂತು ಅಂತ ನಮ್ಮೂರ ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿದ್ರು. ಪಟಾಕಿ ಹೊಡೆದ್ರು, ನಮಗೂ ಸ್ವೀಟ್ ಕೊಟ್ರು. ಫ್ಲೆಕ್ಸ್ ಬಿಸಿಲಿಗೆ ಬಣ್ಣ ಹೋಗಿ, ಈಗ ಅದನ್ನೇ ದನದ ಕೊಟ್ಟಿಗೆಗೆ ಮರೆ ಕಟ್ಟಿದ್ದೀನಿ. ಆ ದುಡ್ಡು ಎಲ್ಲಿ ಕೂತಿದೆ ಸಾರ್?"

ನಾನು ಇಪ್ಪತ್ತು ಸೆಕೆಂಡ್ ಮಾತಾಡಲಿಲ್ಲ. ಯಾಕಂದ್ರೆ ಆ ಸುದ್ದಿಯನ್ನ ಅವತ್ತು ದೊಡ್ಡ ಅಕ್ಷರದಲ್ಲಿ ಓದಿದವರಲ್ಲಿ ನಾನೂ ಒಬ್ಬ. "ಭದ್ರಾ ಮೇಲ್ದಂಡೆಗೆ ಬಂಪರ್" ಅಂತ ಪರದೆ ಮೇಲೆ ಓಡಿಸಿದ್ದು ನಮ್ಮಂಥ ಚಾನೆಲ್‌ಗಳೇ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡೋ ಜವಾಬ್ದಾರಿ ನನ್ನ ಮೇಲೂ ಇದೆ.

ಇವತ್ತು ನಿಮ್ಮ ಮೊಬೈಲ್ ತೆಗೆದರೆ ನಿಮ್ಮ ಸಂಸದರ ಒಂದು ಪೋಸ್ಟರ್ ಇರುತ್ತೆ, ಶಾಸಕರ ಒಂದು ಪೋಸ್ಟರ್ ಇರುತ್ತೆ. "ನಮ್ಮ ಕ್ಷೇತ್ರಕ್ಕೆ ಇಷ್ಟು ಕೋಟಿ ಅನುದಾನ." ಕೆಳಗೆ ಕೈ ಮುಗಿದ ಫೋಟೋ. ಯುಗಾದಿಗೆ ಒಂದು ಸಾಧನಾ ಪುಸ್ತಿಕೆ, ದೀಪಾವಳಿಗೆ ಇನ್ನೊಂದು ಕರಪತ್ರ. ಇದು ತಪ್ಪಲ್ಲ. ಗೆದ್ದ ಮೇಲೆ ಐದು ವರ್ಷ ಮುಖ ತೋರಿಸದವರಿಗಿಂತ, ಏನು ಮಾಡಿದೆ ಅಂತ ಹೇಳೋರು ಸಾವಿರ ಪಾಲು ವಾಸಿ. ಪ್ರಶ್ನೆ ಇರೋದು ಆ ಪೋಸ್ಟರ್‌ನಲ್ಲಿರುವ ಒಂದೇ ಒಂದು ಪದದ ಬಗ್ಗೆ. ಆ ಪದ "ಅನುದಾನ".

ಅನುದಾನ ಅಂದ್ರೆ ದುಡ್ಡು ಬಂತು ಅಂತ ನೀವು ಅಂದ್ಕೋತೀರಿ. ಅಸಲಿಗೆ ಒಂದು ಸರ್ಕಾರಿ ಕಾಮಗಾರಿಯ ದುಡ್ಡು ಹಲವು ಮೆಟ್ಟಿಲು ಹತ್ತಿಳಿದು ನಿಮ್ಮೂರಿಗೆ ಬರಬೇಕು. ಮೊದಲನೆಯದು ಘೋಷಣೆ. ಬಜೆಟ್‌ನಲ್ಲೋ ಸಭೆಯಲ್ಲೋ ಮಂತ್ರಿಗಳು ಹೇಳೋದು. ಎರಡನೆಯದು ಅಂದಾಜು ಪಟ್ಟಿ ತಯಾರಾಗಿ ಆಡಳಿತಾತ್ಮಕ ಅನುಮೋದನೆ ಸಿಗೋದು, ಅಂದ್ರೆ ಕಾಗದದ ಮೇಲೆ ಸರ್ಕಾರ ಒಪ್ಪಿದ್ದು. ಮೂರನೆಯದು ಟೆಂಡರ್ ಆಗಿ ಗುತ್ತಿಗೆದಾರನ ಕೈಗೆ ಕಾರ್ಯಾದೇಶ ಬರೋದು. ನಾಲ್ಕನೆಯದು ಹಣ ಬಿಡುಗಡೆ. ಐದನೆಯದು ಕೆಲಸ ಮುಗಿದು, ಅಳತೆ ಪುಸ್ತಕಕ್ಕೆ ಏರಿ, ಬಿಲ್ ಪಾವತಿಯಾಗೋದು. ಕೆಲವು ಕಡೆ ಮೂರು ಮತ್ತು ನಾಲ್ಕು ಹಿಂದೆ ಮುಂದೆ ಆಗಬಹುದು. ಆದರೆ ಈ ಐದೂ ಆಗದೆ ನಿಮ್ಮೂರಿನ ರಸ್ತೆ ರಸ್ತೆಯಾಗಲ್ಲ, ಕೆರೆಗೆ ನೀರು ಬರಲ್ಲ.

ಫ್ಲೆಕ್ಸ್ ಯಾವಾಗ ಬೀಳುತ್ತೆ ಹೇಳಿ? ಮೊದಲನೇ ಮೆಟ್ಟಿಲಿಗೇ ಒಂದು. ಎರಡನೆಯದಕ್ಕೆ ಇನ್ನೊಂದು. ಗುದ್ದಲಿ ಪೂಜೆಗೆ ಮತ್ತೊಂದು. ಉದ್ಘಾಟನೆಗೆ ಮಗದೊಂದು. ಒಂದೇ ದುಡ್ಡು ನಾಲ್ಕು ಸಲ ಬಂದ ಹಾಗೆ ಕಾಣುತ್ತೆ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದರು ಅಂತಾರಲ್ಲ, ನಮ್ಮಲ್ಲಿ ಕುಲಾವಿ ಜೊತೆಗೆ ನಾಮಕರಣದ ಊಟವೂ ಮುಗಿದಿರುತ್ತೆ.

ಈಗ ಹಿರಿಯೂರಿನ ಯಜಮಾನರ ಪ್ರಶ್ನೆಗೆ ಬರೋಣ. 2023ರ ಫೆಬ್ರವರಿ 1. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಲೋಕಸಭೆಯಲ್ಲಿ ಬಜೆಟ್ ಓದುವಾಗ, ಕರ್ನಾಟಕದ ಬರಪೀಡಿತ ಮಧ್ಯಭಾಗದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೇಂದ್ರ ನೆರವು ಕೊಡುವುದಾಗಿ ಹೇಳಿದರು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು ತುಂಬಿಸೋದು ಈ ಯೋಜನೆಯ ಗುರಿ. ಆಗ ರಾಜ್ಯದಲ್ಲಿ ವಿಧಾನಸಭಾ ಚುನಾವಣೆಗೆ ಮೂರು ತಿಂಗಳು ಬಾಕಿ. ಪಟಾಕಿ ಹೊಡೆದಿದ್ದು ಸುಮ್ಮನೆ ಅಲ್ಲ.

ಆಮೇಲೇನಾಯ್ತು? ಚುನಾವಣೆ ಮುಗೀತು, ರಾಜ್ಯದಲ್ಲಿ ಸರ್ಕಾರ ಬದಲಾಯ್ತು. 2024ರಲ್ಲೂ, 2025ರಲ್ಲೂ ರಾಜ್ಯ ಸರ್ಕಾರ ಹೇಳಿದ್ದು ಒಂದೇ ಮಾತು: ಹಣ ಬಿಡುಗಡೆಯಾಗಿಲ್ಲ. ಕೇಂದ್ರದ ಕಡೆಯವರು ಪ್ರಕ್ರಿಯೆಯ ಕಡೆ ಕೈ ತೋರಿಸಿದರು, ರಾಜ್ಯದವರು ಕೇಂದ್ರದ ಕಡೆ ಕೈ ತೋರಿಸಿದರು. ಮಧ್ಯದಲ್ಲಿ ರಾಜ್ಯ ತನ್ನ ದುಡ್ಡಿನಲ್ಲೇ ಕೆಲಸ ಮುಂದುವರಿಸಿತು. ಅಂದ್ರೆ ಆ 5,300 ಕೋಟಿ ಮೊದಲನೇ ಮೆಟ್ಟಿಲ ಮೇಲೆ ಕೂತಿತ್ತು. ಫ್ಲೆಕ್ಸ್ ಮಾತ್ರ ಐದನೇ ಮೆಟ್ಟಿಲು ಹತ್ತಿ ಇಳಿದು ದನದ ಕೊಟ್ಟಿಗೆ ಸೇರಿತು.

ಇಲ್ಲಿ ಇನ್ನೊಂದು ವಿಷಯ ಇದೆ, ಇದನ್ನ ಯಾವ ಪೋಸ್ಟರ್‌ನಲ್ಲೂ ಹಾಕಲ್ಲ. ಅದೇ 2023ರ ಬಜೆಟ್‌ನಲ್ಲಿ ಪ್ರತಿ ಸಚಿವಾಲಯಕ್ಕೆ ಎಷ್ಟು ದುಡ್ಡು, ಯಾಕೆ ಅನ್ನೋ ಅನುದಾನ ಬೇಡಿಕೆಗಳು ಲೋಕಸಭೆ ಮುಂದೆ ಬಂದವು. ಮಾರ್ಚ್ 23ರಂದು ಗದ್ದಲದ ನಡುವೆ, ಅವೆಲ್ಲವೂ ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸಾದವು. ಸಂಸತ್ತಿನ ಭಾಷೆಯಲ್ಲಿ ಇದಕ್ಕೆ ಗಿಲೊಟಿನ್ ಅಂತಾರೆ. ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್! ಜಲಶಕ್ತಿ ಸಚಿವಾಲಯದ ಬೇಡಿಕೆ ಮೇಲೆ ಅವತ್ತು ಚರ್ಚೆ ನಡೆದಿದ್ದರೆ, "ಭದ್ರಾ ಮೇಲ್ದಂಡೆಯ ದುಡ್ಡು ಯಾವ ತಲೆಬರಹದಲ್ಲಿದೆ, ಯಾವ ತಿಂಗಳು ಬರುತ್ತೆ, ಯಾವ ಅನುಮೋದನೆ ಬಾಕಿ ಇದೆ" ಅಂತ ಕರ್ನಾಟಕದ ಯಾವುದೇ ಸಂಸದರು ಎದ್ದು ನಿಂತು ಕೇಳಬಹುದಿತ್ತು. ನಮ್ಮಿಂದ ಲೋಕಸಭೆಗೆ 28 ಜನ ಹೋಗಿದ್ದಾರೆ. ಅವರನ್ನ ಕಳಿಸಿದ್ದು ಈ ಕೆಲಸಕ್ಕೆ.

ಸರಿ, ಹಾಗಾದ್ರೆ ಸಂಸದರ ಕೈಯಲ್ಲೇ ಇರೋ ದುಡ್ಡು ಎಷ್ಟು? ಅದನ್ನೂ ಲೆಕ್ಕ ಹಾಕೋಣ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಶುರುವಾಗಿದ್ದು 1993ರ ಡಿಸೆಂಬರ್‌ನಲ್ಲಿ, ಪಿ.ವಿ. ನರಸಿಂಹ ರಾವ್ ಕಾಲದಲ್ಲಿ. ಮೊದಲ ವರ್ಷ 5 ಲಕ್ಷ, ಮರುವರ್ಷ 1 ಕೋಟಿ, ಆಮೇಲೆ 2 ಕೋಟಿ, 2011-12ರಿಂದ ವರ್ಷಕ್ಕೆ 5 ಕೋಟಿ. ಈ ದುಡ್ಡು ಸಂಸದರ ಖಾತೆಗೆ ಬರಲ್ಲ. ಅವರು ಕೆಲಸವನ್ನ ಶಿಫಾರಸು ಮಾಡ್ತಾರೆ, ಮಂಜೂರು ಮಾಡಿ ಮಾಡಿಸೋದು ಜಿಲ್ಲಾಡಳಿತ.

5 ಕೋಟಿ ಅಂದ್ರೆ ದೊಡ್ಡದಾಗಿ ಕೇಳಿಸುತ್ತೆ. ಒಂದು ಲೋಕಸಭಾ ಕ್ಷೇತ್ರದಲ್ಲಿ 20 ಲಕ್ಷ ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಭಾಗ ಮಾಡಿ. ಒಬ್ಬೊಬ್ಬರಿಗೆ ವರ್ಷಕ್ಕೆ 25 ರೂಪಾಯಿ. ಬೆಂಗಳೂರಲ್ಲಿ ಎರಡು ಟೀ ಕುಡಿಯೋದೂ ಕಷ್ಟ. ಬಸ್ ಶೆಲ್ಟರ್, ಹೈಮಾಸ್ಟ್ ದೀಪ, ಶಾಲಾ ಕೊಠಡಿ, ಸಮುದಾಯ ಭವನ, ಇಷ್ಟೇ ಆಗೋದು. ಶಾಸಕರಿಗೂ ರಾಜ್ಯದಿಂದ ವರ್ಷಕ್ಕೆ 2 ಕೋಟಿಯ ಇಂಥದ್ದೇ ನಿಧಿ ಇದೆ. ಹಾಗಾಗಿ ಪೋಸ್ಟರ್‌ನಲ್ಲಿ ಸಾವಿರ ಕೋಟಿ ಕಂಡರೆ ತಿಳ್ಕೊಳ್ಳಿ, ಅದು ಅವರ ನಿಧಿ ಅಲ್ಲ. ಹೆದ್ದಾರಿ, ರೈಲ್ವೆ, ಕುಡಿಯುವ ನೀರು ಅಂತ ಬೇರೆ ಬೇರೆ ಇಲಾಖೆಗಳ ಯೋಜನೆಗಳನ್ನ ಕೂಡಿಸಿರ್ತಾರೆ.

ಈ ನಿಧಿಯೇ ಬೇಡ ಅಂದವರೂ ಇದ್ದಾರೆ. ನಮ್ಮವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಸಂಸದರ, ಶಾಸಕರ ನಿಧಿ ಎರಡನ್ನೂ ರದ್ದು ಮಾಡಿ ಅಂತ ಶಿಫಾರಸು ಮಾಡಿತು. ಕಾನೂನು ಮಾಡಿ ಲೆಕ್ಕ ಕೇಳಬೇಕಾದವರೇ ಖರ್ಚಿಗೆ ಕೈ ಹಾಕಿದರೆ ಲೆಕ್ಕ ಕೇಳೋರು ಯಾರು ಅನ್ನೋದು ಈ ವಾದದ ತಿರುಳು. 2010ರಲ್ಲಿ ಸುಪ್ರೀಂ ಕೋರ್ಟ್ ಸಂಸದರ ನಿಧಿಯನ್ನ ಎತ್ತಿಹಿಡಿಯಿತು. ಕೋವಿಡ್ ಬಂದಾಗ 2020ರ ಏಪ್ರಿಲ್‌ನಲ್ಲಿ ಕೇಂದ್ರ ಅದನ್ನ ನಿಲ್ಲಿಸಿತು, 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿತು. ನಿಧಿ ನಿಂತಿದ್ದ ಆ ಒಂದೂವರೆ ವರ್ಷ ನಿಮ್ಮ ಸಂಸದರ ಫ್ಲೆಕ್ಸ್ ನಿಂತಿತ್ತಾ? ನೆನಪು ಮಾಡ್ಕೊಳ್ಳಿ.

ಇನ್ನು ಯಾರ ದುಡ್ಡು ಅನ್ನೋ ಜಗಳ. ಹಳ್ಳಿಯಲ್ಲಿ ಒಂದು ಮನೆ ಕಟ್ಟಿದರೆ ಎರಡು ಪಕ್ಷದವರೂ ಬಂದು "ನಾವು ಕೊಟ್ಟಿದ್ದು" ಅಂತಾರೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ ನಿಗದಿಯಾಗಿದ್ದು 1.20 ಲಕ್ಷ. ಅದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40 ಪಾಲು. ಅಂದ್ರೆ 72 ಸಾವಿರ, 48 ಸಾವಿರ. ಮನೆ ಮನೆಗೆ ನಲ್ಲಿ ಹಾಕೋ ಜಲಜೀವನ್ ಮಿಷನ್‌ನಲ್ಲಿ ಕರ್ನಾಟಕಕ್ಕೆ ಅರ್ಧ ಅರ್ಧ. ಹೀಗಿರುವಾಗ ಸಂಸದರ ಪೋಸ್ಟರ್‌ನಲ್ಲಿ ಪೂರ್ತಿ ಮೊತ್ತ, ಶಾಸಕರ ಪೋಸ್ಟರ್‌ನಲ್ಲೂ ಪೂರ್ತಿ ಮೊತ್ತ. ಎರಡೂ ಕೂಡಿಸಿದರೆ ನಿಮ್ಮೂರಿಗೆ ಬಂದಿದ್ದಕ್ಕಿಂತ ದುಪ್ಪಟ್ಟು! ಇಬ್ಬರೂ ಪೂರ್ತಿ ಸುಳ್ಳು ಹೇಳ್ತಿಲ್ಲ. ಇಬ್ಬರೂ ಪೂರ್ತಿ ನಿಜವನ್ನೂ ಹೇಳ್ತಿಲ್ಲ. ಅದರಲ್ಲಿ ನಿಮ್ಮದೇ ತೆರಿಗೆ ಇದೆ ಅನ್ನೋದನ್ನಂತೂ ಯಾರೂ ಹೇಳಲ್ಲ.

ಹಾಗಾದ್ರೆ ನಾವೇನು ಮಾಡಬೇಕು? ಮುಂದಿನ ಸಲ ಪೋಸ್ಟರ್ ಬಂದಾಗ, ಜೈಕಾರವೂ ಬೇಡ, ಬೈಗುಳವೂ ಬೇಡ. ನಾಲ್ಕು ಪ್ರಶ್ನೆ ಕೇಳಿ. ಈ ದುಡ್ಡು ಯಾವ ಮೆಟ್ಟಿಲಲ್ಲಿದೆ: ಘೋಷಣೆಯೋ, ಮಂಜೂರೋ, ಬಿಡುಗಡೆಯೋ? ಯಾವ ಯೋಜನೆಯದ್ದು, ಅದರಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು? ಒಂದು ವರ್ಷದ್ದೋ, ಐದು ವರ್ಷದ್ದು ಸೇರಿಸಿದ್ದೋ? ಕೆಲಸ ಮಾಡೋರು ಯಾರು: ಲೋಕೋಪಯೋಗಿಯೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ, ನಿರ್ಮಿತಿ ಕೇಂದ್ರವೋ, ಲ್ಯಾಂಡ್ ಆರ್ಮಿಯೋ?

ನಾಲ್ಕನೇ ಪ್ರಶ್ನೆಯ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಯಾಕಂದ್ರೆ ಆ ಕಚೇರಿಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಕಾರ್ಯಾದೇಶದ ಪ್ರತಿ ಕೇಳಿ, ಬಿಡುಗಡೆ ಆದೇಶದ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯೇ ಹೇಳುತ್ತೆ. ಸಂಸದರ ನಿಧಿಯ ಕೆಲಸವಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪಟ್ಟಿ ಇರುತ್ತೆ. ಕೆಲಸ ಮುಗಿದ ಜಾಗದಲ್ಲಿ ಮೊತ್ತ ಬರೆದ ಫಲಕ ಇರಬೇಕು ಅನ್ನೋದೂ ನಿಯಮ.

ಸಂಸದರು ಸದನದಲ್ಲಿ ಏನು ಕೇಳಿದರು ಅನ್ನೋದೂ ಗುಟ್ಟಲ್ಲ. ಲೋಕಸಭೆಯಲ್ಲಿ ಪ್ರಶ್ನೋತ್ತರದ ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ, ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆ ಇಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತೆ. ಅಷ್ಟೂ ಲೋಕಸಭೆಯ ವೆಬ್‌ಸೈಟ್‌ನಲ್ಲಿದೆ. ಊರಲ್ಲಿ ಡಿಗ್ರಿ ಓದೋ ಮಗಳು ಇದ್ದರೆ ಹತ್ತು ನಿಮಿಷದಲ್ಲಿ ಹುಡುಕಿ ಕೊಡ್ತಾಳೆ. ಸಾಧನಾ ಪುಸ್ತಿಕೆಯಲ್ಲಿ ಎಷ್ಟು ಗುದ್ದಲಿ ಪೂಜೆ ಅಂತ ಎಣಿಸೋ ಬದಲು, ನಮ್ಮ ಜಿಲ್ಲೆ ಹೆಸರು ಎಷ್ಟು ಪ್ರಶ್ನೆಯಲ್ಲಿದೆ ಅಂತ ಎಣಿಸಿ.

ಇದನ್ನೆಲ್ಲ ಹಿರಿಯೂರಿನ ಯಜಮಾನರಿಗೆ ಫೋನಿನಲ್ಲೇ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ, "ಅಲ್ಲ ಸಾರ್, ಇದನ್ನ ಅವತ್ತೇ ಟಿವಿಯಲ್ಲಿ ಹೇಳಬಹುದಿತ್ತಲ್ಲ?" ಅಂದರು.

ಹೇಳಬಹುದಿತ್ತು. ಹೇಳಲಿಲ್ಲ. ಹಾಗಾಗಿ ಮರುದಿನವೇ ನಮ್ಮ ಡೆಸ್ಕ್‌ನವರನ್ನ ಕೂರಿಸಿಕೊಂಡು ಒಂದು ಮಾತು ಹೇಳಿದ್ದೀನಿ. ಇನ್ಮೇಲೆ ನಮ್ಮ ಪರದೆ ಮೇಲೆ "ಕೋಟಿ ಬಂತು" ಅಂತ ಬರಬೇಕಾದರೆ ಬಿಡುಗಡೆ ಆದೇಶ ಕಣ್ಣಾರೆ ನೋಡಿರಬೇಕು. ಇಲ್ಲದಿದ್ದರೆ "ಘೋಷಣೆ" ಅಂತಲೇ ಹಾಕಿ. ನಾವು ತಪ್ಪಿದ ದಿನ ನೀವೂ ಫೋನ್ ಮಾಡಿ, ಆ ಯಜಮಾನರ ಹಾಗೆ.