ಹಿಂಬದಿ ಸೀಟ್ ಬೆಲ್ಟ್ ಎಚ್ಚರಿಕೆ: ದೋಷ ಪತ್ತೆ ಹೇಗೆ?

ತಿಕೋಟಾ: ಹಿಂಬದಿ ಸೀಟಿನಲ್ಲಿ ಯಾರೂ ಕುಳಿತಿಲ್ಲ, ಆದರೂ ಬೆಲ್ಟ್ ಹಾಕಿಕೊಳ್ಳುವಂತೆ ಕಾರು ಕೂಗುತ್ತಲೇ ಇರುತ್ತದೆ. ಇಲ್ಲವೇ ಮೂವರೂ ಬೆಲ್ಟ್ ಬಿಗಿದು ಕುಳಿತಿದ್ದರೂ ಚಾಲಕನ ಮುಂದಿನ ಕೆಂಪು ದೀಪ ಆರುವುದಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೂ ದೀಪವಿಲ್ಲ, ಸದ್ದಿಲ್ಲ. ಮೊದಲೆರಡು ಕಿರಿಕಿರಿಯ ದೋಷಗಳು. ಮೂರನೆಯದು ಅಪಾಯದ ದೋಷ. ಆದರೆ ಕಿರಿಕಿರಿ ಕೊಡುವ ಕಾರು ಮಾತ್ರ ದುರಸ್ತಿಗೆ ಬರುತ್ತದೆ. ಮೌನವಾಗಿರುವ ಕಾರು ಯಾರ ಗಮನಕ್ಕೂ ಬಾರದೆ ರಸ್ತೆಯ ಮೇಲೆ ಓಡುತ್ತಿರುತ್ತದೆ.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸಂಭವಿಸಿದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸೇರಿದಂತೆ ಹಿಂಬದಿ ಸೀಟಿನಲ್ಲಿದ್ದ ಇಬ್ಬರೂ ಮೃತಪಟ್ಟರು. ಅವರು ಬೆಲ್ಟ್ ಧರಿಸಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು. ಮುಂದಿನ ಸೀಟಿನಲ್ಲಿದ್ದ ಇಬ್ಬರು ಗಾಯಗೊಂಡರೂ ಬದುಕುಳಿದರು. ಮುಂದಿನ ಎರಡು ಸೀಟುಗಳಿಗೆ ಬೆಲ್ಟ್ ಎಚ್ಚರಿಕೆ 2019ರ ಜುಲೈ 1ರಿಂದಲೇ ಕಡ್ಡಾಯವಾಗಿತ್ತು. ಪಾಲ್ಘರ್ ಘಟನೆಯ ಬಳಿಕ ಅದೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಿಂಬದಿ ಸೀಟುಗಳಿಗೂ ಅದನ್ನು ವಿಸ್ತರಿಸುವ ಕರಡು ನಿಯಮ ಪ್ರಕಟಿಸಿತು. ಬೆಲ್ಟ್ ಧರಿಸದ ಪ್ರಯಾಣಿಕರನ್ನು ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 1,000 ರೂಪಾಯಿ ದಂಡವಿದೆ.

ವಿಜಯಪುರ–ಅಥಣಿ ರಸ್ತೆಯಲ್ಲಿರುವ ತಿಕೋಟಾದಂಥ ಊರಿನಲ್ಲಿ ಕಾರಿನ ಹಿಂಬದಿ ಸೀಟು ಬರೀ ಜನರಿಗೆ ಮೀಸಲಲ್ಲ. ಒಣದ್ರಾಕ್ಷಿ ಪೆಟ್ಟಿಗೆ, ನಿಂಬೆಹಣ್ಣಿನ ಚೀಲ, ಮದುವೆ ಮನೆಯ ಸಾಮಾನು ಎಲ್ಲವೂ ಅಲ್ಲಿಯೇ ಪ್ರಯಾಣಿಸುತ್ತವೆ. ಬಿಸಿಲು, ಧೂಳು ಮತ್ತು ಇಲಿಗಳ ಕಾಟವೂ ಸೇರಿದಾಗ ಈ ಸೂಕ್ಷ್ಮ ವ್ಯವಸ್ಥೆ ಕೆಡುವುದು ಅಚ್ಚರಿಯಲ್ಲ. ಅದನ್ನು ಸರಿಪಡಿಸುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ.

ವ್ಯವಸ್ಥೆಯ ರಚನೆ

ಬೆಲ್ಟಿನ ಲೋಹದ ನಾಲಿಗೆ ಸಿಕ್ಕಿಕೊಳ್ಳುವ ಬಕಲ್‌ನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರಿಂದ ಹೊರಡುವ ತಂತಿಗಳು ಸೀಟಿನ ಅಡಿಯ ಕನೆಕ್ಟರ್ ಮೂಲಕ ನಿಯಂತ್ರಣ ಘಟಕವನ್ನು ತಲುಪುತ್ತವೆ. ಆ ಘಟಕವೇ ದೀಪ ಬೆಳಗಿಸುವ, ಸದ್ದು ಮಾಡುವ ನಿರ್ಧಾರ ಕೈಗೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಸೀಟಿನ ಮೆತ್ತೆಯೊಳಗೆ ಭಾರವನ್ನು ಗುರುತಿಸುವ ತೆಳುವಾದ ಹಾಳೆಯೂ ಇರುತ್ತದೆ. ಇಂಥ ಕಾರಿನಲ್ಲಿ ಸೀಟಿನ ಮೇಲಿಟ್ಟ ಪೆಟ್ಟಿಗೆಯನ್ನು ಮನುಷ್ಯನೆಂದು ಭಾವಿಸಿ ಗಂಟೆ ಬಾರಿಸಿದರೆ ಅದು ದೋಷವಲ್ಲ. ಪೆಟ್ಟಿಗೆಯನ್ನು ಡಿಕ್ಕಿಗೆ ಸಾಗಿಸಿದರೆ ಸಾಕು. ಇನ್ನು ಹಲವು ಕಾರುಗಳಲ್ಲಿ ಈ ಹಾಳೆಯೇ ಇಲ್ಲ; ಅಲ್ಲಿ ಬಕಲ್ ಸ್ವಿಚ್ ಒಂದೇ ಆಧಾರ. ತನ್ನ ಕಾರು ಯಾವ ಬಗೆಯದು ಎಂಬುದನ್ನು ಮಾಲೀಕರು ಕೈಪಿಡಿ ನೋಡಿ ತಿಳಿದುಕೊಳ್ಳಬೇಕು.

ಬಕಲ್ ಸ್ವಿಚ್‌ಗಳಲ್ಲಿಯೂ ಬಗೆಗಳಿವೆ. ಕೆಲವು ಬೆಲ್ಟ್ ಹಾಕದಿದ್ದಾಗ ಸಂಪರ್ಕ ಕೂಡಿಸುತ್ತವೆ, ಹಾಕಿದಾಗ ಕಡಿಯುತ್ತವೆ. ಈ ಬಗೆಯಲ್ಲಿ ತಂತಿ ತುಂಡಾದರೆ ‘ಬೆಲ್ಟ್ ಹಾಕಲಾಗಿದೆ’ ಎಂದೇ ಘಟಕ ತಿಳಿಯುತ್ತದೆ, ಎಚ್ಚರಿಕೆ ಮೌನವಾಗುತ್ತದೆ. ಅದೇ ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಾಗಿದರೆ ದೀಪ ಆರುವುದೇ ಇಲ್ಲ. ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಸ್ವಿಚ್‌ಗಳಲ್ಲಿ ಲಕ್ಷಣಗಳೂ ತಿರುವುಮುರುವಾಗುತ್ತವೆ. ಮೂರನೆಯ ಬಗೆಯಲ್ಲಿ ಎರಡು ಸ್ಥಿತಿಗಳಿಗೆ ಎರಡು ನಿಗದಿತ ವಿದ್ಯುತ್ ರೋಧಗಳಿರುತ್ತವೆ. ಅಂಥಲ್ಲಿ ತಂತಿ ಕಡಿದಿರುವುದನ್ನು ಘಟಕ ಗುರುತಿಸಿ ದೋಷಸಂಕೇತವನ್ನು ದಾಖಲಿಸಿಕೊಳ್ಳಬಲ್ಲದು.

ಮೊದಲು ಕಣ್ಣು, ಆಮೇಲೆ ಮೀಟರ್

ಬಿಡಿಭಾಗ ಬದಲಿಸುವ ಮುನ್ನ ಲಕ್ಷಣವನ್ನು ಗಮನಿಸುವುದು ಮುಖ್ಯ. ಒಂದೇ ಸೀಟಿನ ದೀಪ ತಪ್ಪು ಹೇಳುತ್ತಿದ್ದರೆ ಆ ಸೀಟಿನ ಬಕಲ್, ಕನೆಕ್ಟರ್ ಅಥವಾ ತಂತಿಯಲ್ಲಿ ತೊಂದರೆ ಇರುವ ಸಂಭವ ಹೆಚ್ಚು. ಹಿಂಬದಿಯ ಎಲ್ಲ ಸೀಟುಗಳೂ ಒಮ್ಮೆಗೇ ಕೆಟ್ಟಿದ್ದರೆ ಫ್ಯೂಸ್, ಸಾಮಾನ್ಯ ಕನೆಕ್ಟರ್, ಅರ್ಥಿಂಗ್ ಅಥವಾ ನಿಯಂತ್ರಣ ಘಟಕದತ್ತ ನೋಡಬೇಕು.

ನಡುವಿನ ಸೀಟಿನ ನಾಲಿಗೆಯನ್ನು ಪಕ್ಕದ ಬಕಲ್‌ಗೆ ಸಿಕ್ಕಿಸಿರುವುದು ಸಾಮಾನ್ಯ ತಪ್ಪು. ಸೀಟಿನ ಕವರ್ ಹೊಲಿಸಿದ ಬಳಿಕ ಬಕಲ್ ಅದರಡಿ ಹೂತು ನಾಲಿಗೆ ಪೂರ್ತಿ ಕೂರದಿರುವುದೂ ಉಂಟು. ಬಕಲ್ ಬಾಯಲ್ಲಿ ನಾಣ್ಯ, ತಿಂಡಿಯ ಚೂರು, ಧೂಳು ಸೇರಿದ್ದರೂ ‘ಟಕ್’ ಸದ್ದು ಸರಿಯಾಗಿ ಕೇಳುವುದಿಲ್ಲ. ಹಾಗೆ ಕೂರದ ಬೆಲ್ಟು ಅಪಘಾತದಲ್ಲಿ ಹಿಡಿಯುತ್ತದೆಂಬ ಭರವಸೆಯೂ ಇಲ್ಲ. ಇದ್ಯಾವುದೂ ಅಲ್ಲದಿದ್ದರೆ ಸೀಟಿನ ಅಡಿಯ ಕನೆಕ್ಟರ್ ಪರೀಕ್ಷಿಸಬೇಕು. ಕಾರಿನ ಒಳಭಾಗವನ್ನು ನೀರು ಹಾಕಿ ತೊಳೆದಿದ್ದರೆ ಅದರ ಪಿನ್‌ಗಳು ಹಸಿರು ಕಿಲುಬು ಹಿಡಿದಿರಬಹುದು. ಒಣದ್ರಾಕ್ಷಿ ಶೆಡ್ಡು, ಜೋಳದ ಕಣಜಗಳ ಬಳಿ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ತಂತಿಯನ್ನೂ ಹುಡುಕಬೇಕು. ಮಡಚುವ ಸೀಟಿದ್ದರೆ ತಂತಿಯು ಮಡಿಕೆಯ ಜಾಗದಲ್ಲಿ ಒಳಗೊಳಗೇ ತುಂಡಾಗಿರಬಹುದು.

ಬಲ ಮತ್ತು ಎಡ ಬಕಲ್‌ಗಳ ಕನೆಕ್ಟರ್ ಒಂದೇ ಬಗೆಯದಾಗಿದ್ದು ತಂತಿ ಎಟುಕುವಂತಿದ್ದರೆ ಅವನ್ನು ಅದಲುಬದಲು ಮಾಡಿ ನೋಡುವುದು ಸುಲಭದ ಪರೀಕ್ಷೆ. ದೋಷ ಇನ್ನೊಂದು ಸೀಟಿನ ದೀಪಕ್ಕೆ ಹೋದರೆ ಬಕಲ್ ಕೆಟ್ಟಿದೆ. ಅಲ್ಲೇ ಉಳಿದರೆ ತಂತಿ ಇಲ್ಲವೇ ಘಟಕ ಕೆಟ್ಟಿದೆ.

ಬಳಿಕ ಮಲ್ಟಿಮೀಟರಿನ ಸರದಿ. ಇಗ್ನಿಷನ್ ಆರಿಸಿ, ಕನೆಕ್ಟರ್ ಬಿಡಿಸಿ, ಬಕಲ್ ಕಡೆಯ ಎರಡು ಪಿನ್‌ಗಳ ನಡುವಿನ ರೋಧವನ್ನು ಬೆಲ್ಟ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆಯಬೇಕು. ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಬದಲಾಗುತ್ತದೆಯೇ ಎನ್ನುವುದು ಮೊದಲ ಪ್ರಶ್ನೆ. ಬದಲಾಗದಿದ್ದರೆ, ಸರಿ ಇರುವ ಇನ್ನೊಂದು ಬಕಲ್‌ನ ಅಂಕಿಯೊಂದಿಗೆ ಹೋಲಿಸಿ ತೀರ್ಮಾನಿಸಬೇಕು. ತಂತಿಯನ್ನು ಮೆಲ್ಲಗೆ ಅಲುಗಿಸಿದಾಗ ಅಂಕಿ ಕುಣಿದರೆ ಒಳಗೆ ಎಳೆ ಕಡಿದಿದೆ ಎಂದರ್ಥ. ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಬಂದು ಹೋಗುವ ದೋಷಕ್ಕೆ ಇದೇ ಮದ್ದು. ಆಯಸ್ಕಾಂತದಿಂದ ಕೆಲಸ ಮಾಡುವ ಇಲೆಕ್ಟ್ರಾನಿಕ್ ಸಂವೇದಕವಿರುವ ಬಕಲ್‌ಗಳಿಗೆ ಈ ಪರೀಕ್ಷೆ ಒಪ್ಪದು. ಅವಕ್ಕೆ ಸ್ಕ್ಯಾನರ್ ಬೇಕು. ಸ್ಕ್ಯಾನರಿನಲ್ಲಿ ಬೆಲ್ಟ್ ಹಾಕಿ ತೆಗೆದಂತೆ ಸ್ಥಿತಿ ಬದಲಾಗುವುದನ್ನು ನೇರವಾಗಿ ನೋಡಬಹುದು.

ಹಳದಿ ಕನೆಕ್ಟರ್ ಮುಟ್ಟಬಾರದು

ಕೆಲವು ಕಾರುಗಳ ಹಿಂಬದಿ ಬೆಲ್ಟಿಗೆ ಅಪಘಾತದ ಕ್ಷಣದಲ್ಲಿ ಬೆಲ್ಟನ್ನು ಬಿಗಿಗೊಳಿಸುವ ಸಿಡಿಮದ್ದಿನ ಸಾಧನವಿರುತ್ತದೆ. ಅದರ ಮತ್ತು ಏರ್‌ಬ್ಯಾಗಿನ ಕನೆಕ್ಟರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅವುಗಳಿಗೆ ಮೀಟರ್ ಕಡ್ಡಿ ಹಚ್ಚಿದರೆ ಆ ಅಲ್ಪ ವಿದ್ಯುತ್ತೇ ಸಾಧನವನ್ನು ಸಿಡಿಸುವ ಅಪಾಯವಿದೆ. ಈ ಭಾಗದ ಬಳಿ ಕೆಲಸ ಮಾಡುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಮಾಹಿತಿ ಇಲ್ಲದವರು ಇಲ್ಲಿಗೇ ನಿಲ್ಲಿಸಿ ತರಬೇತಿ ಪಡೆದವರಿಗೆ ಒಪ್ಪಿಸುವುದೇ ಲೇಸು.

ಸದ್ದು ಅಡಗಿಸುವುದು ದುರಸ್ತಿಯಲ್ಲ

ಕಾರು ಕೂಗುವುದನ್ನು ನಿಲ್ಲಿಸಲು ಬೆಲ್ಟಿಲ್ಲದ ಖಾಲಿ ನಾಲಿಗೆಯೊಂದನ್ನು ಬಕಲ್‌ಗೆ ಸಿಕ್ಕಿಸುವ ಪದ್ಧತಿ ಬೆಳೆದಿದೆ. ಇನ್ನು ಕೆಲವರು ತಂತಿಯನ್ನೇ ಕತ್ತರಿಸುತ್ತಾರೆ, ಇಲ್ಲವೇ ಎರಡು ತಂತಿ ಸೇರಿಸಿ ಟೇಪು ಸುತ್ತುತ್ತಾರೆ. ಇಂಥ ಕ್ಲಿಪ್‌ಗಳ ಮಾರಾಟ ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮೇ ತಿಂಗಳಲ್ಲಿ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶಿಸಿತು. ಹಳೆಯ ಕಾರು ಕೊಳ್ಳುವವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಿಂದಿನ ಮಾಲೀಕರು ಅಡಗಿಸಿದ ಸದ್ದು ಹೊಸ ಮಾಲೀಕರಿಗೆ ಎಂದೂ ಕೇಳಿಸುವುದಿಲ್ಲ.

ಮೌನ ದೋಷವನ್ನು ಪತ್ತೆ ಹಚ್ಚಲು ಯಾವ ಉಪಕರಣವೂ ಬೇಕಿಲ್ಲ. ನಿಂತ ಕಾರಿನ ಇಗ್ನಿಷನ್ ಹಾಕಿ, ಒಬ್ಬರು ಹಿಂದೆ ಕುಳಿತು ಪ್ರತಿ ಸೀಟಿನ ಬೆಲ್ಟನ್ನು ಒಂದೊಂದಾಗಿ ಹಾಕಿ ತೆಗೆಯಬೇಕು. ಇನ್ನೊಬ್ಬರು ಮುಂದೆ ಕುಳಿತು ದೀಪ ಗಮನಿಸಬೇಕು. ಬೆಲ್ಟ್ ತೆಗೆದಾಗಲೂ ಬದಲಾಗದ ದೀಪ ಯಾವ ಸೀಟಿನದೋ ಆ ಸೀಟಿನಲ್ಲಿಯೇ ಹುಡುಕಾಟ ಆರಂಭವಾಗಬೇಕು. ಮಕ್ಕಳು, ಹಿರಿಯರು ಕೂರುವುದು ಬಹುತೇಕ ಅಲ್ಲಿಯೇ. ಎಣ್ಣೆ, ಗಾಳಿ ನೋಡುವಂತೆಯೇ ತಿಂಗಳಿಗೊಮ್ಮೆ ಇದನ್ನೂ ನೋಡುವ ರೂಢಿ ಬೆಳೆಸಿಕೊಳ್ಳುವುದು ಒಳ್ಳೆಯದು. ದುರಸ್ತಿ ಆಗುವವರೆಗೆ ದೀಪವನ್ನು ನಂಬದೆ, ಹಿಂದೆ ಕುಳಿತವರೆಲ್ಲ ಬೆಲ್ಟ್ ಹಾಕಿದ್ದಾರೆಯೇ ಎಂದು ಚಾಲಕನೇ ತಿರುಗಿ ನೋಡಿ ಕಾರು ಹೊರಡಿಸಬೇಕು.