ಒಂದು ಹೆಸರು, ನಾಲ್ಕು ಲಿಪಿ: ಗಲ್ಫ್‌ಗೆ ಹೊರಟ ಗಡಿನಾಡ ಕನ್ನಡಿಗರ ದಾಖಲೆಗಳ ತೊಡಕು

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಆಸುಪಾಸಿನಲ್ಲಿ ಗಲ್ಫ್ ರಾಷ್ಟ್ರಗಳ ನಂಟಿಲ್ಲದ ಮನೆ ಅಪರೂಪ. ಹೊರನಾಡಿನ ಬಾಳಿನ ಕಷ್ಟಗಳೆಂದರೆ ಸುಡುಬಿಸಿಲು, ಒಂಟಿತನ, ಕೆಲಸದ ಅನಿಶ್ಚಿತತೆ ಎಂದು ನಾವು ತಿಳಿದಿದ್ದೇವೆ. ಆದರೆ ಅಲ್ಲಿ ನೆಲೆಸಿದವರನ್ನು ದಿನನಿತ್ಯ ಕಾಡುವ ಇನ್ನೊಂದು ಕಷ್ಟವು ಕಾಗದಪತ್ರಗಳದು. ಪತ್ನಿಯನ್ನು ಕರೆಸಿಕೊಳ್ಳಲು ಹೋದಾಗ, ಮಗುವಿನ ಜನನವನ್ನು ನೋಂದಾಯಿಸುವಾಗ, ಪದವಿಗೆ ತಕ್ಕ ಹುದ್ದೆಗೆ ಬಡ್ತಿ ದೊರೆತಾಗ, ಒಂದು ದಾಖಲೆಯ ಹೆಸರಿಗೂ ಇನ್ನೊಂದರ ಹೆಸರಿಗೂ ನಡುವೆ ಇರುವ ಒಂದೇ ಅಕ್ಷರದ ಅಂತರ ತಿಂಗಳುಗಟ್ಟಲೆ ದಾರಿಯನ್ನು ತಡೆಯಬಲ್ಲದು.

ಈ ತೊಡಕು ಎಲ್ಲ ಭಾರತೀಯರಿಗೂ ಇದೆ. ಆದರೆ ಗಡಿನಾಡ ಕನ್ನಡಿಗರಿಗೆ ಇದು ಇಮ್ಮಡಿ. ಅದರ ಕಾರಣವನ್ನೂ ಹೊರಡುವ ಮೊದಲೇ ಮಾಡಿಕೊಳ್ಳಬಹುದಾದ ಪರಿಹಾರವನ್ನೂ ವಿವರಿಸುವುದು ಈ ಬರಹದ ಉದ್ದೇಶ.

ಹೆಸರು ಕವಲೊಡೆಯುವ ಬಗೆ

ವಲಸೆ ಇಲಾಖೆಯ ಅಧಿಕಾರಿಗೆ ಅರ್ಜಿದಾರನ ಪರಿಚಯವಿಲ್ಲ. ಅವನ ಮುಂದಿರುವುದು ಪಾಸ್‌ಪೋರ್ಟ್ ಮತ್ತು ಅದರೊಂದಿಗೆ ತಾಳೆ ನೋಡಬೇಕಾದ ಪ್ರಮಾಣಪತ್ರಗಳು ಮಾತ್ರ. ಊರಿನಲ್ಲಾದರೆ ‘ಇವರು ಇಂಥವರ ಮಗ’ ಎಂಬ ಒಂದು ಮಾತು ಸಾಕು. ಅಲ್ಲಿ ಆ ಮಾತನ್ನು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಕಾಸರಗೋಡಿನ ಕನ್ನಡಿಗರೊಬ್ಬರ ಹೆಸರನ್ನು ಮನೆಯವರು ಕನ್ನಡದಲ್ಲಿ ಇಡುತ್ತಾರೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಅದು ಕನ್ನಡದಲ್ಲೇ ಬೆಳೆಯುತ್ತದೆ. ಸ್ಥಳೀಯಾಡಳಿತದ ದಾಖಲೆಯಲ್ಲಿ ಮಲಯಾಳ ರೂಪ ತಾಳುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತೊಡುತ್ತದೆ. ಗಲ್ಫ್ ತಲುಪಿದ ಮೇಲೆ ಗುರುತುಚೀಟಿಯಲ್ಲಿ ಅರಬಿಗೆ ತಿರುಗುತ್ತದೆ. ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಹೆಸರು ತುಸು ಬದಲಾಗುವ ಸಂಭವವಿದೆ.

ಕೇರಳದಲ್ಲಿ ‘ಶ’ಕಾರವನ್ನು ಇಂಗ್ಲಿಷಿನಲ್ಲಿ ‘ಎಸ್’ ಎಂಬ ಒಂದೇ ಅಕ್ಷರದಿಂದ ಬರೆಯುವ ರೂಢಿ ಹಳೆಯದು. ಕರ್ನಾಟಕದಲ್ಲಿ ‘ಎಸ್’ ಜತೆಗೆ ‘ಎಚ್’ ಸೇರುತ್ತದೆ. ಹಾಗಾಗಿ ಒಬ್ಬರೇ ಶಂಕರ ಎರಡು ಬಗೆಯಲ್ಲಿ ದಾಖಲಾಗಬಹುದು. ಪುರುಷರ ಹೆಸರಿನ ಕೊನೆಗೆ ‘ನ್’ ಸೇರಿಸುವುದು ಮಲಯಾಳದ ಸಹಜ ರೀತಿ. ದಿನೇಶ ದಿನೇಶನ್ ಆಗುವುದು ಹೀಗೆ. ಊರಿನ ಹೆಸರುಗಳಿಗೂ ಇದೇ ಗತಿ. ಕನ್ನಡದ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆ ಅಲ್ಲಿ ಕುಂಬಳ.

ಅರಬಿಯ ಸಮಸ್ಯೆ ಬೇರೆಯೇ. ಆ ಲಿಪಿಯ ಮೂಲ ವರ್ಣಮಾಲೆಯಲ್ಲಿ ‘ಪ’ಕಾರವಿಲ್ಲ, ‘ಬ’ಕಾರವೇ ಅದರ ಸ್ಥಾನವನ್ನು ತುಂಬುತ್ತದೆ. ಆದ್ದರಿಂದ ಪದ್ಮನಾಭ ಅಲ್ಲಿ ಬದ್ಮನಾಭ. ‘ಗ’ಕಾರಕ್ಕೂ ನಿಶ್ಚಿತ ಅಕ್ಷರವಿಲ್ಲ. ಗೋಪಾಲ ಎಂಬ ಹೆಸರಿನ ಮೊದಲಕ್ಷರವನ್ನು ಒಬ್ಬ ಅನುವಾದಕ ‘ಜೀಮ್’ ಎಂದೂ ಇನ್ನೊಬ್ಬ ‘ಘೈನ್’ ಎಂದೂ ಮತ್ತೊಬ್ಬ ‘ಕಾಫ್’ ಎಂದೂ ಬರೆಯಬಹುದು. ಮೂರೂ ತಪ್ಪಲ್ಲ, ಆದರೆ ಮೂರೂ ಒಂದೇ ಅಲ್ಲ. ಗುರುತುಚೀಟಿಯಲ್ಲಿ ಒಂದು ರೂಪ, ಮದುವೆ ಪ್ರಮಾಣಪತ್ರದ ಅರಬಿ ಅನುವಾದದಲ್ಲಿ ಇನ್ನೊಂದು ರೂಪ ಕಂಡಾಗ ಅಲ್ಲಿನ ಅಧಿಕಾರಿ ಪ್ರಶ್ನೆ ಕೇಳುವುದು ಸಹಜವೇ. ಮೊದಲ ಗುರುತುಚೀಟಿಯಲ್ಲಿ ಬಂದ ಅರಬಿ ರೂಪದ ಪ್ರತಿಯನ್ನು ಇಟ್ಟುಕೊಂಡು, ಮುಂದಿನ ಪ್ರತಿ ಅನುವಾದಕ್ಕೂ ಅದನ್ನೇ ಒದಗಿಸುವುದು ಇದಕ್ಕಿರುವ ಸರಳ ಉಪಾಯ.

ಖಾಲಿ ಬಿಟ್ಟ ಅಂಕಣ

ಭಾರತದ ಪಾಸ್‌ಪೋರ್ಟ್‌ನಲ್ಲಿ ಹೆಸರಿಗೆ ಎರಡು ಅಂಕಣಗಳಿವೆ: ಒಂದು ಮನೆತನದ ಹೆಸರಿಗೆ, ಇನ್ನೊಂದು ಸ್ವಂತ ಹೆಸರಿಗೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದು ಬಳಕೆಯಲ್ಲಿಲ್ಲ. ಊರು, ಮನೆ ಅಥವಾ ತಂದೆಯ ಹೆಸರಿನ ಮೊದಲಕ್ಷರವಷ್ಟೇ ಇರುತ್ತದೆ. ಅದನ್ನು ಬಿಡಿಸಿ ಬರೆಯದೆ ಮೊದಲ ಅಂಕಣವನ್ನು ಖಾಲಿ ಬಿಟ್ಟವರು ಬಹಳ ಮಂದಿ.

2022ರ ನವೆಂಬರ್ 21ರಿಂದ ಸಂಯುಕ್ತ ಅರಬ್ ಸಂಸ್ಥಾನವು ಇಂತಹ ಒಂಟಿ ಹೆಸರಿನ ಪಾಸ್‌ಪೋರ್ಟ್ ಹೊಂದಿದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವನ್ನು ನಿರಾಕರಿಸತೊಡಗಿತು. ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ಆಮೇಲೆ ಬಂದಿತು. ಮಗನ ಮನೆಗೆಂದು ಹೊರಟ ವೃದ್ಧ ತಂದೆತಾಯಿಯರನ್ನು ಹೆಚ್ಚಾಗಿ ಬಾಧಿಸುವ ನಿಯಮವಿದು, ಏಕೆಂದರೆ ಒಂಟಿ ಹೆಸರಿನ ರೂಢಿ ಹಿರಿಯರಲ್ಲೇ ಹೆಚ್ಚು. ಹೊಸ ಪಾಸ್‌ಪೋರ್ಟ್ ಪಡೆಯುವಾಗ ಎರಡೂ ಅಂಕಣಗಳನ್ನು ತುಂಬುವುದು ಕ್ಷೇಮ. ಒಮ್ಮೆ ತುಂಬಿದ ಮೇಲೆ ಮಕ್ಕಳ ದಾಖಲೆಗಳಲ್ಲೂ ತಂದೆತಾಯಿಯ ಹೆಸರು ಅದೇ ರೂಪದಲ್ಲಿರಬೇಕು.

ಮನೆ ಕದಲಲಿಲ್ಲ, ಜಿಲ್ಲೆ ಕದಲಿತು

ಹಿರಿಯರ ದಾಖಲೆಗಳಲ್ಲಿ ಜನ್ಮಸ್ಥಳವೂ ಒಗಟಾಗುತ್ತದೆ. ಕಾಸರಗೋಡು ತಾಲೂಕು 1956ರ ಅಕ್ಟೋಬರ್ ಅಂತ್ಯದವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. 1957ರ ಜನವರಿಯಲ್ಲಿ ಕಣ್ಣೂರು ಜಿಲ್ಲೆಯ ಭಾಗವಾಯಿತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಮೂರು ದಶಕಗಳೊಳಗೆ ಒಂದೇ ಮನೆ ನಾಲ್ಕು ಜಿಲ್ಲೆಗಳನ್ನು ಕಂಡಿತು. ಅಣ್ಣನ ಶಾಲಾ ದಾಖಲೆಯಲ್ಲಿ ದಕ್ಷಿಣ ಕನ್ನಡ, ತಮ್ಮನದರಲ್ಲಿ ಕಣ್ಣೂರು ಎಂದಿರುವುದನ್ನು ನಾವು ಇತಿಹಾಸವೆಂದು ಬಲ್ಲೆವು. ವಿದೇಶದ ಅಧಿಕಾರಿಗೆ ಅದು ಹೊಂದಿಕೆಯಾಗದ ಮಾಹಿತಿ ಮಾತ್ರ. ಆದ್ದರಿಂದ ಹಳೆಯ ದಾಖಲೆ ಹೇಗಿದ್ದರೂ ಪಾಸ್‌ಪೋರ್ಟ್‌ನಲ್ಲಿ ನಮೂದಾದ ರೂಪವನ್ನೇ ವೀಸಾ ಅರ್ಜಿಯಲ್ಲಿ ಅಕ್ಷರಶಃ ಬರೆಯಬೇಕು.

ಅಟೆಸ್ಟೇಶನ್: ಯಾವ ರಾಜ್ಯದ ಬಾಗಿಲು?

ಪದವಿ, ಮದುವೆ ಮತ್ತು ಜನನದ ಪ್ರಮಾಣಪತ್ರಗಳು ವಿದೇಶದಲ್ಲಿ ಮಾನ್ಯವಾಗಬೇಕಾದರೆ ಹಂತ ಹಂತವಾಗಿ ದೃಢೀಕರಣವಾಗಬೇಕು. ಮೊದಲು ರಾಜ್ಯ ಸರಕಾರ, ಅನಂತರ ಕೇಂದ್ರದ ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ರಾಯಭಾರ ಕಚೇರಿ. ಶೈಕ್ಷಣಿಕ ದಾಖಲೆಗಳನ್ನು ರಾಜ್ಯದ ಶಿಕ್ಷಣ ಇಲಾಖೆಗಳೂ ಮದುವೆ, ಜನನದಂತಹ ವೈಯಕ್ತಿಕ ದಾಖಲೆಗಳನ್ನು ಗೃಹ ಇಲಾಖೆಯೂ ನೋಡಿಕೊಳ್ಳುತ್ತವೆ. ವಿದೇಶಾಂಗ ಸಚಿವಾಲಯವು ಅರ್ಜಿದಾರರಿಂದ ನೇರವಾಗಿ ದಾಖಲೆಗಳನ್ನು ಪಡೆಯದೆ, ತಾನು ನೇಮಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ.

ಗಡಿನಾಡಿನವರು ಎಡವುವುದು ಮೊದಲ ಮೆಟ್ಟಿಲಿನಲ್ಲೇ. ದೃಢೀಕರಣ ನಡೆಯಬೇಕಾದುದು ಅರ್ಜಿದಾರ ವಾಸಿಸುವ ರಾಜ್ಯದಲ್ಲಲ್ಲ, ದಾಖಲೆ ಹುಟ್ಟಿದ ರಾಜ್ಯದಲ್ಲಿ. ನಮ್ಮ ಮಕ್ಕಳು ಹತ್ತನೆಯ ತರಗತಿಯನ್ನು ಕೇರಳದಲ್ಲಿ ಮುಗಿಸಿ ಪದವಿಗೆ ಮಂಗಳೂರು, ಪುತ್ತೂರು, ವಿಟ್ಲದ ಕಾಲೇಜುಗಳಿಗೆ ಹೋಗುವುದು ಸಾಮಾನ್ಯ. ಅಂಥವರ ಹತ್ತನೆಯ ತರಗತಿಯ ದಾಖಲೆ ಕೇರಳದಲ್ಲೂ ಪದವಿಪತ್ರ ಕರ್ನಾಟಕದಲ್ಲೂ ದೃಢೀಕರಣಗೊಳ್ಳಬೇಕು. ಮದುವೆ ಕಟೀಲಿನಲ್ಲೋ ಮಂಗಳೂರಿನಲ್ಲೋ ನಡೆದು ಅಲ್ಲೇ ನೋಂದಣಿಯಾಗಿದ್ದರೆ ಆ ಪ್ರಮಾಣಪತ್ರಕ್ಕೂ ಕರ್ನಾಟಕವೇ ಗತಿ. ಇದನ್ನು ತಿಳಿಯದೆ ತಿರುವನಂತಪುರದವರೆಗೆ ಹೋದ ಕಡತ ಹಿಂದಕ್ಕೆ ಬಂದರೆ, ಕಳೆದುಹೋದ ಕಾಲವನ್ನು ವೀಸಾದ ಅವಧಿ ಮರಳಿ ಕೊಡುವುದಿಲ್ಲ.

ದೇಶದಿಂದ ದೇಶಕ್ಕೂ ವ್ಯತ್ಯಾಸವಿದೆ. ಹೇಗ್‌ನ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಸಾಕು, ರಾಯಭಾರ ಕಚೇರಿಯ ಹಂತ ಬೇಡ. ಭಾರತ 2005ರಿಂದ ಈ ಒಪ್ಪಂದದಲ್ಲಿದೆ. ಗಲ್ಫ್‌ನಲ್ಲಿ ಒಮಾನ್, ಬಹರೈನ್ ಮತ್ತು 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯ ಇದರೊಳಗಿವೆ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್‌ಗಳಿಗೆ ಹಳೆಯ ಪೂರ್ಣ ಸರಣಿಯೇ ಬೇಕು. ಹೊರಡುವ ದೇಶ ಯಾವುದೆಂಬುದು ಖಚಿತವಾಗದೆ ಹಣ ಕಟ್ಟಬಾರದು.

ಹತ್ತನೆಯ ತರಗತಿಯ ದಾಖಲೆಗೆ ಇನ್ನೊಂದು ಮಹತ್ತ್ವವೂ ಇದೆ. ಗಲ್ಫ್ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ತೆರಳುವ ಕೆಲವು ವರ್ಗದವರು ಹೊರಡುವ ಮೊದಲು ವಲಸೆ ಅನುಮತಿ ಪಡೆಯಬೇಕು. 1983ರ ವಲಸೆ ಕಾಯಿದೆ ಇದಕ್ಕೆ ಆಧಾರ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಈ ಅನುಮತಿಯಿಂದ ವಿನಾಯಿತಿಯಿದೆ. ತೇರ್ಗಡೆಯಾಗಿಯೂ ದಾಖಲೆಯ ಹೆಸರು ಪಾಸ್‌ಪೋರ್ಟ್‌ನೊಂದಿಗೆ ತಾಳೆಯಾಗದಿದ್ದರೆ ವಿನಾಯಿತಿ ಕೈತಪ್ಪುವ ಅಪಾಯವಿದೆ.

ಮಗುವಿನ ಪೌರತ್ವದ ಪ್ರಶ್ನೆ

ಮೇಲೆ ಹೇಳಿದ ಅಡಚಣೆಗಳಿಂದ ನಷ್ಟವಾಗುವುದು ಹಣ ಮತ್ತು ಕಾಲ. ಮಗುವಿನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. 2004ರ ಡಿಸೆಂಬರ್ 3ರ ಅನಂತರ ವಿದೇಶದಲ್ಲಿ ಹುಟ್ಟಿದ ಮಗು ಭಾರತೀಯ ತಂದೆತಾಯಿಯರದು ಎಂಬ ಮಾತ್ರಕ್ಕೆ ಭಾರತದ ಪೌರತ್ವವನ್ನು ಪಡೆಯುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನ ನೋಂದಣಿಯಾಗಬೇಕು. ಅವಧಿ ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇದರ ಜತೆಗೆ ನವಜಾತ ಶಿಶುವಿಗೆ 120 ದಿನಗಳೊಳಗೆ ವಾಸದ ವೀಸಾ ಪಡೆಯಬೇಕು, ತಪ್ಪಿದರೆ ದಂಡ.

ಈ ಸರಣಿಯಲ್ಲಿ ಒಂದು ಕಾಗದ ಇನ್ನೊಂದಕ್ಕೆ ಆಧಾರ. ಮದುವೆ ಪ್ರಮಾಣಪತ್ರ ಸರಿಯಿಲ್ಲದೆ ಅಲ್ಲಿನ ಜನನ ಪ್ರಮಾಣಪತ್ರ ಸುಲಭವಲ್ಲ. ಅದಿಲ್ಲದೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ. ತಾಯಿಯ ಹೆಸರಿನಲ್ಲಿ ಉಳಿದುಹೋದ ಒಂದು ಅಕ್ಷರದ ಭೇದ ನಾಲ್ಕು ತಿಂಗಳ ಗಡುವನ್ನು ನುಂಗಿಬಿಡಬಲ್ಲದು. ಮದುವೆಯಾದೊಡನೆ ಹೆಣ್ಣುಮಕ್ಕಳು ಹೆಸರು ಬದಲಿಸಿಕೊಳ್ಳಬೇಕೆಂಬ ಕಾನೂನು ಎಲ್ಲಿಯೂ ಇಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಹುಟ್ಟಿನಿಂದ ಬಂದ ಹೆಸರನ್ನೇ ಎಲ್ಲ ದಾಖಲೆಗಳಲ್ಲೂ ಉಳಿಸಿಕೊಂಡರೆ ತೊಡಕು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ತಿದ್ದುಪಡಿಯ ಕ್ರಮ

ವ್ಯತ್ಯಾಸ ಕಂಡುಬಂದರೆ ಬುಡದಿಂದ ತಿದ್ದುತ್ತ ಬರಬೇಕು. ಜನನ ದಾಖಲೆ ಸ್ಥಳೀಯಾಡಳಿತದ ರಿಜಿಸ್ಟ್ರಾರರಲ್ಲಿ, ಕೇರಳದ ಎಸ್‌ಎಸ್‌ಎಲ್‌ಸಿ ದಾಖಲೆ ತಿರುವನಂತಪುರದ ಪರೀಕ್ಷಾ ಭವನದಲ್ಲಿ, ಪದವಿಪತ್ರ ಆಯಾ ವಿಶ್ವವಿದ್ಯಾನಿಲಯದಲ್ಲಿ, ಕೊನೆಗೆ ಪಾಸ್‌ಪೋರ್ಟ್. ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಹತ್ತನೆಯ ತರಗತಿಯ ಹೆಸರನ್ನೇ ಅನುಸರಿಸುವುದರಿಂದ ಕ್ರಮ ತಪ್ಪಿದರೆ ಕೆಲಸ ಎರಡು ಬಾರಿ ಆಗುತ್ತದೆ. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್‌ಗಾಗಿ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ಆದ್ದರಿಂದ ಎಳೆಯ ಮಕ್ಕಳ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತೊಟ್ಟಿಲ ಕಾಲದಲ್ಲೇ ನಿಶ್ಚಯಿಸುವುದು ಲೇಸು.

ಎರಡು ಹೆಸರುಗಳೂ ಒಬ್ಬರದೇ ಎಂದು ಗ್ರಾಮ ಕಚೇರಿ ನೀಡುವ ಪ್ರಮಾಣಪತ್ರ ಇಲ್ಲಿನ ಹಲವು ಕೆಲಸಗಳಿಗೆ ಸಾಕು. ಆದರೆ ಅದು ಮೂಲ ದಾಖಲೆಯ ತಿದ್ದುಪಡಿಯಲ್ಲ. ವಿದೇಶದಲ್ಲಿ ಅದಕ್ಕೆ ಮನ್ನಣೆ ದೊರೆಯುವುದೆಂಬ ಭರವಸೆಯಿಲ್ಲ. ಅಕ್ಷಯ ಕೇಂದ್ರಗಳಲ್ಲಿ ಅರ್ಜಿ ತುಂಬಿಸುವವರು ಸಲ್ಲಿಸುವ ಮೊದಲು ಪರದೆಯ ಮೇಲಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ಓದಿ ನೋಡುವುದು ಒಳ್ಳೆಯದು.

ಇತರ ಗಡಿಗಳಲ್ಲಿ

ಈ ಕಷ್ಟ ಕಾಸರಗೋಡಿಗೆ ಮಾತ್ರ ಸೀಮಿತವಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರ ದಾಖಲೆಗಳಲ್ಲಿ ಮರಾಠಿ ರೂಢಿಯಂತೆ ನಡುವೆ ತಂದೆಯ ಹೆಸರು ಬರುತ್ತದೆ. ಮದುವೆಯ ಬಳಿಕ ಹೆಣ್ಣುಮಕ್ಕಳಿಗೆ ಆ ಜಾಗದಲ್ಲಿ ಗಂಡನ ಹೆಸರು ಬಂದು ಕೂರುತ್ತದೆ. ತಾಳವಾಡಿ, ಹೊಸೂರಿನ ಕಡೆ ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬಗಳಿಗೆ ಒಂದೊಂದೇ ಅಕ್ಷರ. ಅಲ್ಲಿಂದ ಇಂಗ್ಲಿಷಿಗೆ ತಿರುಗುವಾಗ ಗಂಗಮ್ಮ ಕಂಗಮ್ಮ ಆಗುವ ಸಾಧ್ಯತೆ ಇದ್ದೇ ಇದೆ. ಪರಿಹಾರದ ಮಾರ್ಗ ಎಲ್ಲೆಡೆಯೂ ಒಂದೇ: ಒಂದು ರೂಪವನ್ನು ಆರಿಸಿ ಎಲ್ಲ ದಾಖಲೆಗಳಿಗೂ ಅದನ್ನೇ ಅನ್ವಯಿಸುವುದು.

ಯಾರನ್ನು ಕೇಳಬೇಕು?

ದುಬೈಯಲ್ಲೋ ಮಸ್ಕತ್‌ನಲ್ಲೋ ನಮ್ಮವರು ಕನ್ನಡ ಸಂಘಗಳಲ್ಲಿ ಕೂಡುತ್ತಾರೆ, ರಾಜ್ಯೋತ್ಸವ ಆಚರಿಸುತ್ತಾರೆ. ಅದು ಭಾಷೆಯ ನಂಟು. ಆದರೆ ಆಪತ್ತಿನಲ್ಲಿ ನೆರವು ಕೇಳುವಾಗ ಎಣಿಕೆಗೆ ಬರುವುದು ವಿಳಾಸ. ಕಾಸರಗೋಡಿನ ಕನ್ನಡಿಗರು ದಾಖಲೆಯಂತೆ ಕೇರಳದ ಪ್ರವಾಸಿಗಳು. ನೋರ್ಕಾ ರೂಟ್ಸ್‌ನ ಗುರುತುಚೀಟಿ, ಅದರ ಅಟೆಸ್ಟೇಶನ್ ಸೇವೆ, ಪ್ರವಾಸಿ ಕಲ್ಯಾಣ ಮಂಡಳಿಯ ಸದಸ್ಯತ್ವ ಅವರಿಗೂ ಮುಕ್ತವಾಗಿವೆ. ಮಾಹಿತಿ ಮಲಯಾಳದಲ್ಲಿದೆ ಎಂಬ ಕಾರಣಕ್ಕೆ ಈ ಸೌಲಭ್ಯಗಳಿಂದ ದೂರ ಉಳಿಯುವುದು ನಮಗೇ ಹಾನಿ.

ಹಾಗೆಂದು ಹೊಣೆಯೆಲ್ಲವೂ ಪ್ರಜೆಯ ಮೇಲಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ನೀಡಿದೆ. ಹೆಸರು ತಿದ್ದುಪಡಿಯ ಅರ್ಜಿ, ವಿದೇಶಕ್ಕೆ ಹೊರಡುವವರಿಗೆ ಬೇಕಾದ ಮಾಹಿತಿ ಈ ಹಕ್ಕಿನ ವ್ಯಾಪ್ತಿಗೆ ಬಾರದೆ ಹೋದರೆ ಮತ್ತಾವುದು ಬರಬೇಕು? ಕನ್ನಡದ ಹೆಸರು ಮಲಯಾಳಕ್ಕೆ ತಿರುಗುವ ಮೊದಲ ಮೇಜಿನಲ್ಲೇ ಕನ್ನಡ ಬಲ್ಲ ಸಿಬ್ಬಂದಿ ಇದ್ದರೆ, ಸಾವಿರಾರು ಮೈಲಿ ಆಚೆಯ ಕಚೇರಿಯೊಂದರಲ್ಲಿ ನಮ್ಮ ಮಕ್ಕಳು ತಮ್ಮ ಹೆಸರು ತಮ್ಮದೇ ಎಂದು ಸಾಬೀತುಪಡಿಸುತ್ತ ನಿಲ್ಲಬೇಕಾಗುವುದಿಲ್ಲ.